ಸೇತುವೆಯಿಂದ ಸಂಗಮದವರೆಗೆ: ಶ್ರೀರಂಗಪಟ್ಟಣದ ಒಂದು ದಾರಿಯ ಇತಿಹಾಸ

೧

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯು ಕಾವೇರಿಯ ಉತ್ತರದ ಕವಲನ್ನು ದಾಟಿ ಶ್ರೀರಂಗಪಟ್ಟಣದ ದ್ವೀಪವನ್ನು ಹೊಗುತ್ತದೆ. ದಕ್ಷಿಣದ ಕವಲನ್ನು ದಾಟಿ ಹೊರಬೀಳುತ್ತದೆ. ಈ ಹೆದ್ದಾರಿಗೆ ಅಡ್ಡಲಾಗಿ, ದ್ವೀಪದ ಪಶ್ಚಿಮದಿಂದ ಪೂರ್ವದ ತುದಿಯವರೆಗೆ, ಇನ್ನೊಂದು ದಾರಿಯುಂಟು. ಕೋಟೆಯೊಳಗಣ ಶ್ರೀರಂಗನಾಥ ದೇವಾಲಯದಿಂದ ಹೊರಟು, ದರಿಯಾ ದೌಲತ್ ತೋಟ, ಗಂಜಾಂ, ಗುಂಬಜ್ ಇವುಗಳನ್ನು ಹಾದು, ನದಿಯ ಎರಡು ಕವಲುಗಳು ಮತ್ತೆ ಕೂಡುವ ಸಂಗಮದಲ್ಲಿ ಈ ದಾರಿಯು ಮುಗಿಯುತ್ತದೆ. ಇದರ ಉದ್ದ ಐದಾರು ಕಿಲೋಮೀಟರಿಗೆ ಹೆಚ್ಚು ಮೀರದು. ಎಡಬಲಗಳಲ್ಲಿ ಗದ್ದೆ, ತೆಂಗು, ಮಾವು. ಅಲ್ಲಲ್ಲಿ ಮರಗಳ ನಡುವೆ ತೋರಿ ಮರೆಯಾಗುವ ನೀರು. ನಾಡಿನಲ್ಲಿ ಇಷ್ಟು ಚಿಕ್ಕ ದಾರಿಯಲ್ಲಿ ಇಷ್ಟು ಇತಿಹಾಸ ಕಿಕ್ಕಿರಿದಿರುವ ಸ್ಥಳಗಳು ವಿರಳ.

೨೦೨೩ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು-ಮೈಸೂರು ನಡುವಣ ಹೊಸ ಹೆದ್ದಾರಿಯು ಉದ್ಘಾಟನೆಯಾಯಿತು. ಅಂದಿನಿಂದ ದೂರದ ವಾಹನಗಳು ಪಟ್ಟಣವನ್ನು ಬದಿಗಿಟ್ಟು ಸಾಗುತ್ತವೆ. ಹಿಂದೆ ಮೈಸೂರಿಗೆ ಹೋಗುವವನು ಬೇಡವೆಂದರೂ ಶ್ರೀರಂಗಪಟ್ಟಣವನ್ನು ಹಾಯಬೇಕಾಗಿದ್ದಿತು. ಈಗ ಅದನ್ನು ನೋಡಲೆಂದೇ ತಿರುಗಬೇಕು. ಹೀಗೆ ಸಂಕಲ್ಪಪೂರ್ವಕವಾಗಿ ಬರುವ ಪ್ರವಾಸಿಗೆ, ಅವರಲ್ಲಿಯೂ ನಮ್ಮ ಕಾಲೇಜುಗಳಿಂದ ಪ್ರತಿವರ್ಷ ಬರುವ ವಿದ್ಯಾರ್ಥಿಗಳಿಗೆ, ಈ ದಾರಿ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ. ಈ ದಾರಿಯ ಮೇಲೆ ಉಳಿದಿರುವ ಕಟ್ಟಡಗಳು ತಾವಾಗಿ ಉಳಿದವುಗಳಲ್ಲ. ಅವುಗಳಲ್ಲಿ ಕೆಲವನ್ನು ಭಕ್ತರು ಉಳಿಸಿದರು. ಹಲವನ್ನು ೧೭೯೯ರಲ್ಲಿ ಗೆದ್ದವರು ತಮ್ಮ ಉಪಯೋಗಕ್ಕೋ ತಮ್ಮ ನೆನಪಿಗೋ ಬೇಕೆಂದು ಉಳಿಸಿದರು. ಬೇಡವೆಂದು ತೋರಿದವನ್ನು ಕೆಡವಿದರು. ಆದುದರಿಂದ ಈ ದಾರಿಯನ್ನು ನೋಡುವುದೆಂದರೆ ಒಂದು ಆಯ್ಕೆಯನ್ನು ನೋಡಿದಂತೆ. ನಿಂತಿರುವ ಕಟ್ಟಡಗಳಷ್ಟೇ ಶ್ರದ್ಧೆಯಿಂದ ಅವುಗಳ ನಡುವಣ ಬಯಲನ್ನೂ ಓದದಿದ್ದರೆ ಚರಿತ್ರೆಯ ವಿದ್ಯಾರ್ಥಿಗೂ ಸಾಮಾನ್ಯ ಪ್ರವಾಸಿಗೂ ಭೇದವಿರುವುದಿಲ್ಲ.

೨

ದಾರಿಯನ್ನು ಹಿಡಿಯುವ ಮುನ್ನ ನದಿಯನ್ನು ಕುರಿತು ಎರಡು ಮಾತು ಅಗತ್ಯ. ಕಾವೇರಿಯು ಇಲ್ಲಿ ಎರಡಾಗಿ ಒಡೆದು ಸುಮಾರು ಮೂರು ಮೈಲಿ ಉದ್ದದ ದ್ವೀಪವೊಂದನ್ನು ಬಳಸುತ್ತದೆ. ಶಿವನಸಮುದ್ರ ಮತ್ತು ತಮಿಳುನಾಡಿನ ಶ್ರೀರಂಗ ಇವೂ ಇಂಥವೇ ದ್ವೀಪಗಳು. ಮೂರರಲ್ಲಿಯೂ ರಂಗನಾಥನೇ ದೇವರು. ಇವುಗಳಿಗೆ ಆದಿರಂಗ, ಮಧ್ಯರಂಗ, ಅಂತ್ಯರಂಗವೆಂದು ಭಕ್ತರು ಕೊಟ್ಟಿರುವ ಹೆಸರುಗಳು ನದಿಯ ಹರಿವಿನ ಕ್ರಮವನ್ನೇ ಅನುಸರಿಸಿವೆ. ಭಕ್ತನಿಗೆ ಪವಿತ್ರವಾಗಿ ತೋರಿದ ದ್ವೀಪವು ದಳವಾಯಿಗೆ ದುರ್ಗವಾಗಿ ತೋರಿತು. ಬಂಡೆಗಳಿಂದ ತುಂಬಿದ ನದಿಯ ಪಾತ್ರವು ಮಳೆಗಾಲದಲ್ಲಿ ದಾಟಲಾಗದ ಕಂದಕ. ಬೇಸಗೆಯ ಕೊನೆಯಲ್ಲಿ ಮಾತ್ರ ಮೊಣಕಾಲಿನಿಂದ ಎದೆಯವರೆಗೆ ನೀರಿರುವ ಹಾಯ್ಗಡ. ಶ್ರೀರಂಗಪಟ್ಟಣದ ಯುದ್ಧಚರಿತ್ರೆಯ ಮುಕ್ಕಾಲು ಪಾಲು ಈ ಒಂದು ವಾಕ್ಯದಲ್ಲಿ ಅಡಗಿದೆ. ೧೭೯೨ರಲ್ಲಿ ಕಾರ್ನ್‌ವಾಲಿಸನು ಬಂದುದು ಫೆಬ್ರವರಿಯಲ್ಲಿ. ೧೭೯೯ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಏಪ್ರಿಲ್ ಮೊದಲ ವಾರದಲ್ಲಿ ಬಂದು, ಮುಂಗಾರಿನ ಪ್ರವಾಹಕ್ಕೆ ಮುಂಚೆ ಕೆಲಸವನ್ನು ಮುಗಿಸಲೇಬೇಕೆಂಬ ಆತುರದಲ್ಲಿದ್ದಿತು. ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರವು ನಿರ್ಮಾಣವಾದ ಮೇಲೆ ನದಿಯ ನೀರು ಕಟ್ಟೆಯ ಅಪ್ಪಣೆಯಂತೆ ಹರಿಯುತ್ತದೆ. ಆದುದರಿಂದ ಇಂದು ದಡದಲ್ಲಿ ನಿಂತು ನೋಡುವ ನೀರಿನಿಂದ ಅಂದಿನ ನೀರನ್ನು ಊಹಿಸುವುದು ಸಲ್ಲದು.

ಉತ್ತರದ ಕವಲಿನ ಮೇಲಿರುವ ಹಳೆಯ ಕಲ್ಲಿನ ಸೇತುವೆಯು ನಮ್ಮ ಮೊದಲ ಗುರುತು. ಕಲ್ಲಿನ ಕಂಬಗಳು, ಕಂಬಗಳ ಮೇಲೆ ಕಲ್ಲಿನ ಬೋದಿಗೆಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ದೇವಾಲಯದ ಮಂಟಪವನ್ನು ಕಟ್ಟುವ ವಿದ್ಯೆಯನ್ನೇ ನದಿಯ ಮೇಲೆ ಪ್ರಯೋಗಿಸಿದ್ದಾರೆ. ಕಂಬಗಳನ್ನು ಸಾಲಾಗಿ ನಿಲ್ಲಿಸಿ ಪ್ರವಾಹಕ್ಕೆ ದಾರಿ ಬಿಟ್ಟಿರುವ ಕ್ರಮವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಗಮನಿಸತಕ್ಕದ್ದು. ಇದನ್ನು ೧೮೦೪ರಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಪೂರೈಸಿ, ಆಗ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿಟ್ಟರು. ಅನೇಕರು ಭಾವಿಸುವಂತೆ ಈ ಹೆಸರು ಇಲ್ಲಿ ದಂಡಿನ ಅಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿಯದಲ್ಲ, ಅವನ ಅಣ್ಣನದು. ಹೈದರನಿಗೂ ಟಿಪ್ಪುವಿಗೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನವರು ಟಿಪ್ಪುವನ್ನು ಸೋಲಿಸಿದ ಆಡಳಿತದ ಮುಖ್ಯಸ್ಥನ ಹೆಸರಿನಲ್ಲಿ ಸೇತುವೆಯನ್ನು ಕಟ್ಟಿಸಿದುದನ್ನು ಕೆಲವರು ಕಟುವಾಗಿ ಟೀಕಿಸುತ್ತಾರೆ. ಅವರ ನಡತೆಯನ್ನು ತೂಗುವುದು ಇಲ್ಲಿ ನಮ್ಮ ಕೆಲಸವಲ್ಲ. ಹೆಸರು ಗೆದ್ದವನದು, ಕಲ್ಲೂ ಕೈಯೂ ಈ ನಾಡಿನವು ಎಂಬುದಷ್ಟೇ ಇಲ್ಲಿ ಗಮನಿಸತಕ್ಕ ಅಂಶ. ಮುಂದಿನ ದಾರಿಯಲ್ಲೆಲ್ಲ ಇದೇ ಮತ್ತೆ ಮತ್ತೆ ಎದುರಾಗುತ್ತದೆ.

೩

ಹೆದ್ದಾರಿಯಿಂದ ಪಶ್ಚಿಮಕ್ಕೆ ತಿರುಗಿದರೆ ಕೋಟೆ. ಇದನ್ನು ನಾಗಮಂಗಲದ ತಿಮ್ಮಣ್ಣನು ೧೪೫೪ರಲ್ಲಿ ಕಟ್ಟಿಸಿದನೆಂದು ಪರಂಪರೆಯ ಹೇಳಿಕೆ. ವಿಜಯನಗರದ ರಾಜಪ್ರತಿನಿಧಿಗಳ ಠಾಣೆಯಾಗಿದ್ದ ಈ ಸ್ಥಳವನ್ನು ೧೬೧೦ರಲ್ಲಿ ರಾಜ ಒಡೆಯರು ಹಿಡಿದುಕೊಂಡು ಮೈಸೂರಿನಿಂದ ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ನವರಾತ್ರಿಯ ಉತ್ಸವವನ್ನು ವಿಜಯನಗರದ ಮಾದರಿಯಲ್ಲಿ ಅದೇ ವರ್ಷ ಇಲ್ಲಿಯೇ ಆರಂಭಿಸಿದರು. ಇಂದು ಮೈಸೂರು ದಸರೆಯೆಂದು ಲೋಕಪ್ರಸಿದ್ಧವಾಗಿರುವ ಉತ್ಸವವು ಹುಟ್ಟಿದ್ದು ಈ ದ್ವೀಪದಲ್ಲಿ ಎಂಬುದನ್ನು ಮೈಸೂರಿನ ವಿದ್ಯಾರ್ಥಿಗಳೇ ಎಷ್ಟೋ ವೇಳೆ ಮರೆತಿರುತ್ತಾರೆ. ೧೬೧೦ರಿಂದ ೧೭೯೯ರವರೆಗೆ, ಅಂದರೆ ನೂರ ಎಂಬತ್ತೊಂಬತ್ತು ವರ್ಷ, ಇದು ರಾಜಧಾನಿ. ಅದರಲ್ಲಿ ಹೈದರ್ ಮತ್ತು ಟಿಪ್ಪುವಿನ ಅಧಿಕಾರದ ಕಾಲ ೧೭೬೧ರಿಂದ ಮುಂದಿನ ಮೂವತ್ತೆಂಟು ವರ್ಷ ಮಾತ್ರ. ಆದರೆ ಪ್ರವಾಸಿಗಳಿಗೆ ತೋರಿಸುವ ಸ್ಥಳಗಳಲ್ಲಿ ಹೆಚ್ಚಿನವು ಈ ಮೂವತ್ತೆಂಟು ವರ್ಷಗಳಿಗೆ, ಅದರಲ್ಲಿಯೂ ಅದರ ಕೊನೆಯ ಒಂದು ಮಧ್ಯಾಹ್ನಕ್ಕೆ, ಸೇರಿದವು.

ರಂಗನಾಥ ದೇವಾಲಯವು ಈ ಎಲ್ಲಕ್ಕಿಂತಲೂ ಹಿರಿದು. ಗಂಗರ ಕಾಲದ ತಿರುಮಲಯ್ಯನೆಂಬ ಸಾಮಂತನು ೮೯೪ರಲ್ಲಿ ಇದನ್ನು ಸ್ಥಾಪಿಸಿದನೆಂಬುದು ಪ್ರಸಿದ್ಧ ಹೇಳಿಕೆ. ಹೊಯ್ಸಳ, ವಿಜಯನಗರ, ಮೈಸೂರು ಕಾಲಗಳಲ್ಲಿ ಇದು ಬೆಳೆಯುತ್ತ ಬಂದಿತು. ಟಿಪ್ಪುವಿನ ಕೊಡುಗೆಯೆಂದು ಬರಹವುಳ್ಳ ಬೆಳ್ಳಿಯ ಪಾತ್ರೆಗಳು ಈ ದೇವಾಲಯದಲ್ಲಿದ್ದುದನ್ನು ಮೈಸೂರಿನ ಪುರಾತತ್ತ್ವ ಇಲಾಖೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ದಾಖಲಿಸಿತು. ಅರಮನೆಯು ದೇವಾಲಯಕ್ಕೆ ಕೂಗಳತೆಯಲ್ಲಿದ್ದಿತು. ಸ್ವಲ್ಪ ದೂರದಲ್ಲಿರುವ ನರಸಿಂಹ ದೇವಾಲಯದಲ್ಲಿ ಅದನ್ನು ಕಟ್ಟಿಸಿದ ರಣಧೀರ ಕಂಠೀರವ ನರಸರಾಜ ಒಡೆಯರ ವಿಗ್ರಹವಿದೆ. ಪ್ರವಾಸಿಗಳ ಗುಂಪು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. ಬಂದವರು ಹದಿನೇಳನೆಯ ಶತಮಾನದ ಅರಸನೊಬ್ಬನ ರೂಪವನ್ನು ಕಲ್ಲಿನಲ್ಲಿ ಕಾಣಬಹುದು. ೧೭೯೪ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ ಸ್ಥಳವೂ ಕೋಟೆಯೊಳಗೇ ಇದೆ. ಐದು ವರ್ಷದ ಬಾಲಕನಾಗಿ ಅವರು ೧೭೯೯ರ ಜೂನ್ ೩೦ರಂದು ಸಿಂಹಾಸನವನ್ನೇರಿದುದು ಮಾತ್ರ ಮೈಸೂರಿನಲ್ಲಿ. ಆ ದಿನ ಶ್ರೀರಂಗಪಟ್ಟಣವು ರಾಜಧಾನಿಯಾಗಿ ಉಳಿದಿರಲಿಲ್ಲ.

ದೇವಾಲಯದ ಸಮೀಪದ ಬಯಲಿನಲ್ಲಿ ಟಿಪ್ಪುವಿನ ಅರಮನೆಯಾದ ಲಾಲ್ ಮಹಲ್ ಇದ್ದಿತು. ಇಂದು ಅಲ್ಲಿ ತಳಪಾಯದ ಅವಶೇಷಗಳ ಹೊರತು ಏನೂ ಇಲ್ಲ. ಇದನ್ನು ಕಾಲವು ಕೆಡವಲಿಲ್ಲ. ಪತನಾನಂತರದ ವರ್ಷಗಳಲ್ಲಿ ಕುಂಪಣಿಯ ಅಧಿಕಾರಿಗಳು ಕೆಡವಿದರು. ಅದರ ಮರದ ತೊಲೆಗಳನ್ನು ನೀಲಗಿರಿಯ ಉದಕಮಂಡಲಕ್ಕೆ ಸಾಗಿಸಿ, ೧೮೨೯ರಲ್ಲಿ ಆರಂಭವಾದ ಸೇಂಟ್ ಸ್ಟೀಫನ್ ಚರ್ಚಿನ ನಿರ್ಮಾಣಕ್ಕೆ ಬಳಸಿದರು. ಹೀಗಾಗಿ ಟಿಪ್ಪುವಿನ ಅರಮನೆಯನ್ನು ನೋಡಬಯಸುವವನು ಬೆಟ್ಟವನ್ನೇರಿ, ಪ್ರಾರ್ಥನಾಮಂದಿರದ ಮಾಡಿನ ಕೆಳಗೆ ನಿಂತು ತಲೆಯೆತ್ತಬೇಕು! ಅರಮನೆಯೊಳಗಣ ವಸ್ತುಗಳ ಗತಿಯೂ ಹೀಗೆಯೇ ಆಯಿತು. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಚಿನ್ನದ ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದವು. ಸೈನಿಕನ ಮೇಲೆರಗಿರುವ ಮರದ ಹುಲಿ ಲಂಡನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗ್ರಂಥಭಂಡಾರವೂ ಚದುರಿಹೋಯಿತು.

ಕೋಟೆಯ ವಾಯವ್ಯದ ಕಡೆ, ಗೋಡೆಯನ್ನು ಒಡೆದ ಸ್ಥಳದ ಬಳಿ, ಒಂದು ಸ್ಮಾರಕಸ್ತಂಭವಿದೆ. ೧೭೯೯ರ ಮೇ ೪ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಿಸಿಲಿನಲ್ಲಿ ಕಾವಲು ಸಡಿಲವಾಗಿರುವ ಹೊತ್ತನ್ನು ನೋಡಿ, ಡೇವಿಡ್ ಬೇರ್ಡನು ಹಾಯ್ಗಡವನ್ನು ದಾಟಿ ಈ ಕಡೆಯಿಂದ ನುಗ್ಗಿದನು. ಅವನು ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ಸೆರೆಯಲ್ಲಿದ್ದವನು. ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಪಕ್ಷದವರ ನೆನಪಿಗಾಗಿ ಈ ಸ್ತಂಭವನ್ನು ೧೯೦೭ರಲ್ಲಿ ನಿಲ್ಲಿಸಿದವರು ಬ್ರಿಟಿಷರಲ್ಲ, ಮೈಸೂರು ಸರ್ಕಾರ. ಅದರ ಮೇಲೆ ಹೆಸರುಗಳಿವೆ. ಕೋಟೆಯ ಒಳಗಿನಿಂದ ಹೋರಾಡಿ ಸತ್ತ ಸಹಸ್ರಾರು ಮಂದಿಯಲ್ಲಿ ಟಿಪ್ಪುವಿನ ಮತ್ತು ಕೆಲವೇ ಸರದಾರರ ಹೊರತು ಯಾರ ಹೆಸರೂ ಈ ದಾರಿಯ ಯಾವ ಕಲ್ಲಿನ ಮೇಲೂ ಇಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ಈ ಸ್ತಂಭದ ಮುಂದೆ ನಿಂತು, 'ನಮ್ಮವರ ಪಟ್ಟಿ ಎಲ್ಲಿದೆ?' ಎಂದು ಕೇಳಿದುದು ನಮಗೆ ನೆನಪಿದೆ. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಉತ್ತರದ ಗೋಡೆಯ ಕಡೆ ನೀರುಬಾಗಿಲಿನ ಬಳಿ ಟಿಪ್ಪುವಿನ ದೇಹ ದೊರೆತ ಸ್ಥಳವನ್ನು ಕಲ್ಲಿನಿಂದ ಗುರುತಿಸಿದ್ದಾರೆ. ಸಮೀಪದಲ್ಲಿ ಸೆರೆಮನೆಗಳೆಂದು ತೋರಿಸುವ ಕಮಾನಿನ ನೆಲಮನೆಗಳಿವೆ. ಕೋಟೆಯ ಒಳಗೆ ಮದ್ದಿನ ಮನೆಗಳೂ ಉಂಟು. ಅವುಗಳಲ್ಲಿ ಒಂದು ರೈಲುದಾರಿಯನ್ನು ಇಮ್ಮಡಿಗೊಳಿಸುವ ಕೆಲಸಕ್ಕೆ ಅಡ್ಡವಾಗಿದ್ದಿತು. ಅದನ್ನು ಒಡೆಯದೆ, ೨೦೧೭ರಲ್ಲಿ ಬುಡಸಮೇತ ಎತ್ತಿ, ನೂರಾರು ಅಡಿ ದೂರಕ್ಕೆ ಜರುಗಿಸಿ ನಿಲ್ಲಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು-ಮೈಸೂರು ರೈಲುದಾರಿಯು ಕೋಟೆಯನ್ನು ಸೀಳಿಕೊಂಡು ಹೋದಾಗ ಯಾರೂ ಇಂಥ ಎಚ್ಚರವನ್ನು ವಹಿಸಿರಲಿಲ್ಲ. ಅಂದಿನಿಂದ ಇಂದಿಗೆ ನಮ್ಮ ದೃಷ್ಟಿಯು ಎಷ್ಟು ಬದಲಾಗಿದೆಯೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು.

೪

ಕೋಟೆಯ ಪೂರ್ವದ ಬಾಗಿಲಿನ ಬಳಿ, ಎರಡು ಮಿನಾರುಗಳು ಎದ್ದುಕಾಣುವ ಮಸ್ಜಿದ್-ಎ-ಆಲಾ ಇದೆ. ಇದನ್ನು ಟಿಪ್ಪುವು ೧೭೮೭ರ ಸುಮಾರಿಗೆ ಪೂರೈಸಿದನು. ಇಲ್ಲಿಂದ ಹೊರಬಿದ್ದು ಹೆದ್ದಾರಿಯನ್ನು ದಾಟಿದರೆ ದರಿಯಾ ದೌಲತ್. ನದಿಯ ತಡಿಯ ತೋಟದ ನಡುವೆ ಎತ್ತರವಾದ ಜಗಲಿಯ ಮೇಲೆ ತೇಗದ ಮರದಿಂದ ಕಟ್ಟಿರುವ ಈ ಬೇಸಗೆಯ ಮನೆಯು ೧೭೮೪ರ ಕಾಲದ್ದು. ಒಳಗೆಲ್ಲ ಬಣ್ಣದ ಬಳ್ಳಿ ಹೂಗಳು; ಹೊರಗೋಡೆಗಳ ಮೇಲೆ ಚಿತ್ರಗಳು. ಪಶ್ಚಿಮದ ಗೋಡೆಯ ಒಂದು ಭಾಗದಲ್ಲಿ ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆ. ಮತ್ತೊಂದು ಭಾಗದಲ್ಲಿ ೧೭೮೦ರ ಸೆಪ್ಟೆಂಬರ್ ೧೦ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ನಡೆದ ಯುದ್ಧ: ಸುತ್ತುವರಿದ ಚೌಕವ್ಯೂಹ, ಅದರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ನಾಲ್ಕೂ ಕಡೆಯಿಂದ ನುಗ್ಗುವ ಮೈಸೂರಿನ ಕುದುರೆಗಳು. ಕುಂಪಣಿಯ ಸೈನ್ಯವು ಭಾರತದಲ್ಲಿ ಅದುವರೆಗೆ ಕಂಡಿದ್ದ ಸೋಲುಗಳಲ್ಲಿ ಇದು ಅತ್ಯಂತ ಘೋರವಾದುದು.

ತಮ್ಮ ಸೋಲಿನ ಈ ಚಿತ್ರವನ್ನು ಗೆದ್ದವರು ಏಕೆ ಉಳಿಸಿದರು? ಈ ಪ್ರಶ್ನೆಗೆ ಉತ್ತರವು ಕಟ್ಟಡದ ಮುಂದಿನ ಕಥೆಯಲ್ಲಿದೆ. ಮುತ್ತಿಗೆಗೆ ಮೊದಲೇ ಈ ಚಿತ್ರಗಳ ಮೇಲೆ ಸುಣ್ಣ ಬಳಿಯಲಾಗಿದ್ದಿತೆಂದು ರೈಸ್ ಅವರ ಗೆಜೆಟಿಯರು ತಿಳಿಸುತ್ತದೆ. ಪತನಾನಂತರ ಪಟ್ಟಣದ ಅಧಿಕಾರಿಯಾದ ಆರ್ಥರ್ ವೆಲ್ಲೆಸ್ಲಿಯು ದರಿಯಾ ದೌಲತ್ತನ್ನು ತನ್ನ ವಾಸಕ್ಕೆ ಆರಿಸಿಕೊಂಡನು, ಚಿತ್ರಗಳನ್ನು ಸರಿಪಡಿಸಿದನು. ಇವನೇ ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ನಿನ ಡ್ಯೂಕನು. ಅವನು ಇದ್ದ ಮನೆಯೆಂಬ ಕಾರಣದಿಂದಲೇ ಇದಕ್ಕೆ ಇಂಗ್ಲಿಷರಲ್ಲಿ ಗೌರವವುಂಟಾಯಿತು. ಚಿತ್ರಗಳು ಮತ್ತೆ ಮಸುಕಾದಾಗ, ೧೮೫೦ರ ದಶಕದಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯು, ಮೂಲವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಗಾರನಿಂದ ಅವನ್ನು ಪುನಃ ಬರೆಯಿಸಿದನು. ಆದ್ದರಿಂದ ಇಂದು ನಾವು ಕಾಣುವುದು ೧೭೮೪ರ ಚಿತ್ರವೇ ಹೌದು, ಆದರೆ ಒಬ್ಬ ಮುದುಕನ ನೆನಪನ್ನು ಹಾಯ್ದು ಬಂದ ಚಿತ್ರ. ವಿಜಯಿಯ ಆಜ್ಞೆ, ಸೋತವರ ನಾಡಿನ ಕುಂಚ, ವಿಜಯಿಯ ಹಿಂದಿನ ಸೋಲಿನ ವಿಷಯ. ಈ ಮೂರೂ ಒಂದೇ ಗೋಡೆಯ ಮೇಲೆ ಕೂಡಿವೆ. ಡಾಲ್‌ಹೌಸಿಯ ಹೆಸರು ಗ್ರಂಥಗಳಲ್ಲಿದೆ. ಚಿತ್ರಗಾರನ ಹೆಸರು ಇಲ್ಲ.

ಲಾಲ್ ಮಹಲ್ ಬಿದ್ದು ದರಿಯಾ ದೌಲತ್ ಉಳಿದುದರ ರಹಸ್ಯ ಇಷ್ಟೇ. ಕೋಟೆಯ ನಡುವಣ ಅರಮನೆಯು ರಾಜ್ಯಾಧಿಕಾರದ ಗುರುತು. ಅದು ಇದ್ದಷ್ಟು ದಿನ ಹಳೆಯ ಪ್ರಭುವಿನ ನೆನಪೂ ಇರುತ್ತದೆ. ತೋಟದ ಮನೆಯಾದರೋ ಸುಖವಾಸಕ್ಕೆ ಯೋಗ್ಯ. ಮೊದಲನೆಯದು ತೊಲೆಯಾಗಿ ಮಾರ್ಪಟ್ಟಿತು, ಎರಡನೆಯದು ಬಂಗಲೆಯಾಗಿ ಮಾರ್ಪಟ್ಟಿತು.

೫

ದರಿಯಾ ದೌಲತ್ತಿನಿಂದ ಪೂರ್ವಕ್ಕೆ ಸಾಗಿದರೆ ಗಂಜಾಂ. ಪ್ರವಾಸಿಗಳ ವಾಹನಗಳು ಸಾಮಾನ್ಯವಾಗಿ ನದಿಯ ದಡದ ನಿಮಿಷಾಂಬಾ ದೇವಾಲಯಕ್ಕಾಗಿ ಮಾತ್ರ ಇಲ್ಲಿ ನಿಲ್ಲುತ್ತವೆ. ಅಂಜೂರದ ಹಣ್ಣಿಗೂ ಈ ಊರು ಹೆಸರಾದುದು. ಆದರೆ ನಮ್ಮ ದೃಷ್ಟಿಯಲ್ಲಿ ಇಡೀ ದಾರಿಯಲ್ಲಿ ಅತ್ಯಂತ ಮುಖ್ಯವಾದ ಸ್ಥಳ ಇದು. ಏಕೆಂದರೆ ರಾಜಧಾನಿಯ ಜನರು ವಾಸವಾಗಿದ್ದುದು ಇಲ್ಲಿ. ಶಹರ್ ಗಂಜಾಂ ಎಂಬ ಈ ಪೇಟೆಯನ್ನು ತುಂಬಲು ಟಿಪ್ಪುವು ಶಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಕರೆತಂದನೆಂದು ಹೇಳಿಕೆಯಿದೆ. ಮೊಗಲರ ಕಾಲದಲ್ಲಿ ಸುಬಾ ಕೇಂದ್ರವಾಗಿ ಮೆರೆದ ಶಿರಾ ಪಟ್ಟಣವು ಇದರಿಂದ ಬರಿದಾಯಿತು. ಅಷ್ಟು ಮಂದಿ ತಮ್ಮ ಇಚ್ಛೆಯಿಂದ ಹೊರಟುಬಂದರೆಂದು ನಂಬುವುದು ಕಷ್ಟ. ಟಿಪ್ಪುವಿನ ಉದ್ಯಮಶೀಲತೆಯನ್ನು ಹೊಗಳುವವರೂ ಅವನನ್ನು ತೆಗಳುವವರೂ ಈ ಸಂಸಾರಗಳ ಮಾತನ್ನು ಎತ್ತುವುದು ಅಪರೂಪ.

೧೮೦೦ರ ಮೇ ತಿಂಗಳಲ್ಲಿ, ಪತನವಾಗಿ ಒಂದು ವರ್ಷ ಕಳೆದ ಮೇಲೆ, ಫ್ರಾನ್ಸಿಸ್ ಬುಕಾನನನು ಇಲ್ಲಿಗೆ ಬಂದನು. ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿದ್ದಿತೆಂಬ ಅಂದಾಜನ್ನು ಅವನು ಕೊಟ್ಟಿದ್ದಾನೆ. ಅವನ ಕಾಲದಲ್ಲಿ ಕೋಟೆಯಲ್ಲಿ ೪,೧೬೩, ಪೇಟೆಯಲ್ಲಿ ೨,೨೧೬ ಮನೆಗಳಿದ್ದವು. ಮನೆಗೆ ಐವರಂತೆ ಲೆಕ್ಕ ಹಾಕಿದರೆ ೩೧,೮೯೫ ಜನರಾಗುತ್ತಾರೆ. ಮೊದಲನೆಯ ಅಂಕಿಯಲ್ಲಿ ಸೈನ್ಯವೂ ಅದರ ಪರಿವಾರವೂ ಸೇರಿರಬೇಕು. ಅದರಲ್ಲಿ ಉತ್ಪ್ರೇಕ್ಷೆಯೂ ಇರಬಹುದು. ಆದರೂ ಇಳಿತವು ಭಯಂಕರವಾದುದೇ. ೧೯೦೧ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ೮,೫೮೪. ರಾಜಧಾನಿ ಮೈಸೂರಿಗೆ ಹೋಯಿತು. ಚಳಿಜ್ವರದ ಕಾಟದಿಂದ ದಂಡು ೧೮೦೯ರಲ್ಲಿ ಬೆಂಗಳೂರಿಗೆ ಹೋಯಿತು. ದಂಡನ್ನೂ ಅರಮನೆಯನ್ನೂ ನಂಬಿದ್ದ ಕಸುಬುದಾರರು ಅವುಗಳ ಹಿಂದೆ ಹೋದರು. ಕೋಟೆಯು ಬಿದ್ದುದು ಒಂದು ಮಧ್ಯಾಹ್ನದಲ್ಲಿ. ಪಟ್ಟಣವು ಬಿದ್ದುದು ನೂರು ವರ್ಷಗಳಲ್ಲಿ. ಪ್ರವಾಸಿಗಳಿಗೆ ಮೊದಲನೆಯದನ್ನು ತೋರಿಸುವ ಕಲ್ಲುಗಳು ಹಲವಿವೆ. ಎರಡನೆಯದನ್ನು ತೋರಿಸುವುದು ಗಂಜಾಂನ ಗದ್ದೆಗಳ ನಡುವಣ ಮೌನವೊಂದೇ.

ಆ ದಂಡಿನವರ ಪಾಡೂ ಸುಖಕರವಾಗಿರಲಿಲ್ಲ. ನಮ್ಮ ದಾರಿಯಿಂದ ಬದಿಗೆ, ಮೈಸೂರಿನ ಹೆದ್ದಾರಿಯ ಸಮೀಪ, ನದಿಯ ದಡದಲ್ಲಿ ಅವರ ಸ್ಮಶಾನವಿದೆ. ೧೮೦೦ರಿಂದ ೧೮೬೭ರವರೆಗಿನ ಸುಮಾರು ಮುನ್ನೂರು ಗೋರಿಗಳಲ್ಲಿ ಡಿ ಮ್ಯುರೋನ್ ಎಂಬ ಸ್ವಿಸ್ ಪಡೆಯವರವೂ ಉಂಟು. ಮೊದಲು ಸಿಂಹಳದಲ್ಲಿ ಡಚ್ಚರ ಸೇವೆಯಲ್ಲಿದ್ದು, ಅನಂತರ ಇಂಗ್ಲಿಷರ ಸೇವೆಗೆ ತಿರುಗಿ, ಕಾವೇರಿಯ ಮರಳಿನಲ್ಲಿ ಮಣ್ಣಾದ ಆಲ್ಪ್ಸ್ ಬೆಟ್ಟಗಳ ನಾಡಿನ ಮಕ್ಕಳು ಇವರು. ಹೆಂಡಿರು ಮಕ್ಕಳ ಗೋರಿಗಳನ್ನು ನೋಡಿದಾಗ ಗೆಲುವಿನ ಬೆಲೆಯೂ ಸ್ವಲ್ಪಮಟ್ಟಿಗೆ ಅರಿವಾಗುತ್ತದೆ.

ಇದೇ ಗಂಜಾಂನಲ್ಲಿ ಪತನಾನಂತರ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ನೆಲೆಸಿ, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದನು. ದೇಶೀಯರ ಉಡುಪು, ಆಹಾರಗಳನ್ನು ಅಂಗೀಕರಿಸಿ ಬಾಳಿದ ಇವನು ಸಿಡುಬಿನ ವಿರುದ್ಧ ದೇವಿ ಹಾಕುವ ಕೆಲಸವನ್ನು ಈ ಸೀಮೆಯಲ್ಲಿ ಹರಡಿದನು. ಹಿಂದೂಗಳ ನಡೆನುಡಿಗಳನ್ನು ಕುರಿತ ಅವನ ಗ್ರಂಥದ ಹಸ್ತಪ್ರತಿಯನ್ನು ಕುಂಪಣಿಯು ಕೊಂಡು ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರಲ್ಲಿ ಬಹುಭಾಗವು ಹಿಂದಿನ ಪಾದ್ರಿಯಾದ ಕರ್ದೂನ ಬರಹವನ್ನು ಅವಲಂಬಿಸಿದೆಯೆಂದು ಮುಂದೆ ಸಿದ್ಧಪಟ್ಟಿದೆ. ಆ ಗ್ರಂಥವನ್ನು ಮೈಸೂರಿನ ಜನಜೀವನಕ್ಕೆ ಆಧಾರವಾಗಿ ಬಳಸುವ ಸಂಶೋಧಕರು ಈ ಎಚ್ಚರವನ್ನು ಮರೆಯಬಾರದು.

ಗಂಜಾಂನಿಂದ ಮುಂದೆ ಲಾಲ್‌ಬಾಗ್. ಇಲ್ಲಿ ಮತ್ತೊಂದು ಅರಮನೆಯೂ ಸೈಪ್ರೆಸ್ ಮರಗಳ ಸಾಲುಗಳೂ ಇದ್ದವು. ೧೭೯೨ರ ಮುತ್ತಿಗೆಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ದ್ವೀಪದ ಈ ಭಾಗವನ್ನು ಹಿಡಿದಾಗ ಆ ಮರಗಳನ್ನು ಕಡಿದು, ಮುತ್ತಿಗೆಯ ಕೆಲಸಕ್ಕೆ ಬೇಕಾದ ಕಟ್ಟಿಗೆಯ ಹೊರೆಗಳನ್ನು ಕಟ್ಟಿತು. ತನ್ನ ತೋಟದ ಮರಗಳೇ ತನ್ನ ಕೋಟೆಯ ಕಡೆಗೆ ಬರುವುದನ್ನು ಟಿಪ್ಪುವು ಕಾಣಬೇಕಾಯಿತು. ಆ ವರ್ಷ ಮಾರ್ಚಿನಲ್ಲಿ ಒಪ್ಪಂದವಾಗಿ, ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಲಾಲ್‌ಬಾಗಿನ ಅರಮನೆಯು ಇಂದು ಇಲ್ಲ, ಉಳಿದಿರುವುದು ಗುಂಬಜ್.

ಹೈದರನು ೧೭೮೨ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ತಂದೆಗಾಗಿ ಟಿಪ್ಪುವು ಕಟ್ಟಿಸಿದ ಗೋರಿ ಇದು. ನುಣುಪಾದ ಮೂವತ್ತಾರು ಕರಿಕಲ್ಲಿನ ಕಂಬಗಳ ಮೊಗಸಾಲೆ, ಮೇಲೆ ಬಿಳಿಯ ಗುಮ್ಮಟ, ಒಳಗೆ ಹುಲಿಯ ಪಟ್ಟೆಗಳ ಬಣ್ಣ. ನಡುವೆ ಹೈದರ್, ಇಕ್ಕೆಲಗಳಲ್ಲಿ ಹೆಂಡತಿ ಫಾತಿಮಾ ಫಕ್ರುನ್ನಿಸಾ ಮತ್ತು ಮಗ ಟಿಪ್ಪು. ೧೭೯೯ರ ಮೇ ೫ರ ಸಂಜೆ, ಸೋಲಿಸಿದ ಸೈನ್ಯವೇ ಮರ್ಯಾದೆ ಸಲ್ಲಿಸಿ ಟಿಪ್ಪುವನ್ನು ಇಲ್ಲಿ ಮಣ್ಣುಮಾಡಿತು. ಅಂದು ರಾತ್ರಿ ಗುಡುಗು ಸಿಡಿಲಿನ ಮಳೆ ಸುರಿಯಿತು. ದಂತದ ಕೆತ್ತನೆ ಕೂಡಿಸಿದ ಬಾಗಿಲುಗಳು ಡಾಲ್‌ಹೌಸಿಯ ಕೊಡುಗೆ. ಇಲ್ಲಿಂದ ಕೂಗಳತೆಯಲ್ಲಿ ಕರ್ನಲ್ ಬೈಲಿಯ ಸ್ಮಾರಕ. ದರಿಯಾ ದೌಲತ್ತಿನ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕುಳಿತವನು ಈತನೇ. ೧೭೮೨ರಲ್ಲಿ ಸೆರೆಯಲ್ಲಿಯೇ ಸತ್ತನು. ಲಕ್ನೋದಲ್ಲಿ ರೆಸಿಡೆಂಟನಾಗಿದ್ದ ಅವನ ಬಂಧು ೧೮೧೬ರಲ್ಲಿ ಈ ಸ್ಮಾರಕವನ್ನು ಕಟ್ಟಿಸಿದನು. ಸೆರೆಹಿಡಿದವನೂ ಸೆರೆಯಾದವನೂ ಒಂದೇ ತೋಟದ ನೆರಳಿನಲ್ಲಿ ನೆರೆಯವರಾಗಿದ್ದಾರೆ.

೬

ದಾರಿಯ ಕೊನೆಯಲ್ಲಿ ಸಂಗಮ. ಇಲ್ಲಿ ಕಾವೇರಿ, ಹೇಮಾವತಿ, ಕಪಿಲಾ ಎಂಬ ಮೂರು ನದಿಗಳು ಕೂಡುತ್ತವೆಂದು ಪ್ರವಾಸಿಗಳಿಗೆ ಹೇಳುವುದುಂಟು. ಇದು ತಪ್ಪು. ಹೇಮಾವತಿಯು ಬಹಳ ಮೇಲೆ, ಈಗ ಕೃಷ್ಣರಾಜಸಾಗರದ ನೀರು ನಿಂತಿರುವಲ್ಲಿ, ಕಾವೇರಿಯನ್ನು ಕೂಡುತ್ತದೆ. ಕಪಿಲೆಯು ಬಹಳ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಇಲ್ಲಿ ಕೂಡುವುದು ಅಗಲಿದ್ದ ಕಾವೇರಿಯ ಎರಡು ಕವಲುಗಳು. ಅಗಲಿದ ನೀರು ದ್ವೀಪವನ್ನು ಬಳಸಿ ಮತ್ತೆ ಒಂದಾಗುವುದರಲ್ಲಿಯೇ ಸಾಕಷ್ಟು ಮಹಿಮೆಯಿದೆ. ಅದಕ್ಕೆ ಬೇರೆ ನದಿಗಳನ್ನು ಎರವಲು ತರಬೇಕಾಗಿಲ್ಲ. ಜನರು ಇಲ್ಲಿ ಮೀಯುತ್ತಾರೆ, ಅಸ್ಥಿಯನ್ನು ಬಿಡುತ್ತಾರೆ. ದ್ವೀಪದ ಇನ್ನೊಂದು ಕಡೆಯ ಪಶ್ಚಿಮವಾಹಿನಿಯಲ್ಲಿ ೧೯೪೮ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ವಿಸರ್ಜಿಸಿದರು. ರಾಜಧಾನಿಯು ಹೋದರೂ ಕ್ಷೇತ್ರವು ಹೋಗಲಿಲ್ಲ. ಅರಸರನ್ನು ನಂಬಿದ್ದ ಪಟ್ಟಣವು ಕುಗ್ಗಿತು. ನದಿಯನ್ನು ನಂಬಿದ್ದ ಪಟ್ಟಣವು ಉಳಿಯಿತು.

೭

ಇಲ್ಲಿಯವರೆಗಿನ ವಿಚಾರದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ದಾರಿಯ ಕ್ರಮವು ಕಾಲದ ಕ್ರಮವಲ್ಲ. ಒಂಬತ್ತನೆಯ ಶತಮಾನದ ದೇವಾಲಯವನ್ನು ನೋಡಿ, ೧೯೦೭ರ ಸ್ತಂಭಕ್ಕೆ ಹೋಗಿ, ೧೭೮೪ರ ಬೇಸಗೆಯ ಮನೆಗೆ ಬರುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಕಾಲಗಳು ಕಲಸಿಹೋಗ

ುವುದು ಸಹಜ. ಎರಡನೆಯದು: ಸೇತುವೆಯ ಹೆಸರು, ಚಿತ್ರಗಳ ಉಳಿವು, ಗೋರಿಯ ಬಾಗಿಲು, ಸ್ತಂಭದ ಮೇಲಣ ಪಟ್ಟಿ, ಇವೆಲ್ಲವೂ ೧೭೯೯ರ ಅನಂತರದ ತೀರ್ಮಾನಗಳ ಫಲ. ಟಿಪ್ಪುವಿನ ಕಾಲವೆಂದು ನಾವು ನೋಡುವುದರಲ್ಲಿ ಬಹುಭಾಗವು ಟಿಪ್ಪುವಿನ ಅನಂತರದವರು ನೋಡಬಯಸಿದ ಟಿಪ್ಪುವಿನ ಕಾಲ. ಮೂರನೆಯದು: ಈ ಆಯ್ಕೆಯಲ್ಲಿ ಅರಸರಿಗೂ ಸೇನಾಪತಿಗಳಿಗೂ, ಗೆದ್ದವರಿಗೂ ಸೋತವರಿಗೂ, ಸ್ಥಳವಿದೆ. ಸ್ಥಳವಿಲ್ಲದವರು ಶಿರಾದಿಂದ ಬಂದ ಸಂಸಾರಗಳು, ಕೋಟೆಯ ಗೋಡೆಯ ಮೇಲೆ ಸತ್ತ ಸಿಪಾಯಿಗಳು, ಸೇತುವೆಯ ಕಲ್ಲನ್ನು ಕಡಿದ ಒಡ್ಡರು, ನೆನಪಿನಿಂದ ಚಿತ್ರವನ್ನು ಬರೆದ ಮುದುಕ.

ಇವರಿಗೆಲ್ಲ ಹೊಸ ಸ್ತಂಭಗಳನ್ನು ನಿಲ್ಲಿಸಬೇಕೆಂಬುದು ನಮ್ಮ ಸೂಚನೆಯಲ್ಲ. ಕಲ್ಲುಗಳಿಗೆ ಅಲ್ಲಿ ಕೊರತೆಯಿಲ್ಲ. ನಾವು ಬಯಸುವುದು ಇಷ್ಟೇ. ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವ ಅಧ್ಯಾಪಕರು ವಾಹನವನ್ನು ಸೇತುವೆಯ ಬಳಿ ಬಿಟ್ಟು, ಈ ಐದಾರು ಕಿಲೋಮೀಟರುಗಳನ್ನು ನಡೆಸಲಿ. ಲಾಲ್ ಮಹಲಿನ ಬಯಲಿನಲ್ಲಿ, ಗಂಜಾಂನ ಗದ್ದೆಯ ಅಂಚಿನಲ್ಲಿ, ಲಾಲ್‌ಬಾಗಿನ ಅರಮನೆಯಿದ್ದ ಸ್ಥಳದಲ್ಲಿ, ಗುಂಬಜಿನ ಮುಂದೆ ನಿಲ್ಲುವಷ್ಟು ಹೊತ್ತೇ ನಿಲ್ಲಿಸಲಿ. 'ಇಲ್ಲಿ ಏನಿದೆ?' ಎಂದು ಕೇಳುವುದಕ್ಕೆ ಪ್ರವಾಸಿಯೇ ಸಾಕು. 'ಇಲ್ಲಿ ಏನಿದ್ದಿತು, ಯಾರಿದ್ದರು, ಏಕೆ ಇಲ್ಲವಾಯಿತು?' ಎಂದು ಕೇಳುವುದಕ್ಕೆ ಚರಿತ್ರೆಯ ವಿದ್ಯಾರ್ಥಿಯೇ ಬೇಕು. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವುಂಟಾದರೆ, ಸ್ತಂಭದ ಮುಂದೆ ನಿಂತ ನಮ್ಮ ವಿದ್ಯಾರ್ಥಿಯು ಹುಡುಕಿದ ಪಟ್ಟಿಯು ಒಂದಲ್ಲ ಒಂದು ದಿನ ದಫ್ತರಗಳಿಂದಲೂ ಕೈಫಿಯತ್ತುಗಳಿಂದಲೂ ಊರವರ ನೆನಪಿನಿಂದಲೂ ಸ್ವಲ್ಪಸ್ವಲ್ಪವಾಗಿ ಕೂಡಿಬಂದೀತು. ಆ ಕೆಲಸವನ್ನು ಕೈಗೊಳ್ಳಲು ಶ್ರೀರಂಗಪಟ್ಟಣಕ್ಕಿಂತ ತಕ್ಕ ಸ್ಥಳವೂ, ನಮ್ಮ ವಿದ್ಯಾರ್ಥಿಗಳಿಗಿಂತ ತಕ್ಕ ಜನರೂ ಇಲ್ಲ.